ಬೆಟ್ಟದ ಬುಡದಲ್ಲಿ ಕೊನೆಯವನ ಓಟ

ಮೈಸೂರಿನ ಪೂರ್ವದ ಅಂಚಿನಲ್ಲಿ, ಲಲಿತಮಹಲ್ ಅರಮನೆಯ ರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ ನಿಂತರೆ ಎರಡು ನೋಟಗಳು ಕಣ್ಣಿಗೆ ಬೀಳುತ್ತವೆ. ಒಂದು ಕಡೆ ಬಿಳಿಯ ಗುಮ್ಮಟ ಹೊತ್ತ ಅರಮನೆ. ಇನ್ನೊಂದು ಕಡೆ ದೀಪಗಳಿನ್ನೂ ಆರದ ಚಾಮುಂಡಿ ಬೆಟ್ಟ. ಫೆಬ್ರವರಿಯ ಆ ಭಾನುವಾರ ಮೂರನೆಯ ನೋಟವೂ ಒಂದಿತ್ತು. ಮೈದಾನದಲ್ಲಿ ನೆಟ್ಟ ಕಬ್ಬಿಣದ ಕಂಬಿಗಳಿಗೆ ಸಾಲಾಗಿ ತೂಗುಹಾಕಿದ ಸೈಕಲ್ಲುಗಳು. ಕೆಲವಂತೂ ಒಂದೇ ಬೆರಳಿನಲ್ಲಿ ಎತ್ತುವಷ್ಟು ಹಗುರ. ಅವುಗಳ ನಡುವೆ ನನ್ನ ಹಳೆಯ ಸೈಕಲ್ಲು ಮದುವೆ ಮನೆಗೆ ಬಂದ ಬಡ ನೆಂಟನಂತೆ ಮುದುಡಿಕೊಂಡಿತ್ತು.

ನೀರು ಕೊಡುವ ಸ್ವಯಂಸೇವಕರ ಪಟ್ಟಿಯಲ್ಲಿ ಹೆಸರು ಬರೆಸಿದ್ದ ಮಗಳು ಚಳಿಗೆ ನನ್ನ ಶಾಲು ಹೊದ್ದು ಪಕ್ಕದಲ್ಲಿ ನಿಂತಿದ್ದಳು. ಸುತ್ತಲೂ ನೋಡಿ, ಸ್ಪರ್ಧಿಗಳ ಕಾಲುಗಳನ್ನೂ ನನ್ನ ಹೊಟ್ಟೆಯನ್ನೂ ಹೋಲಿಸಿ, ಮೆಲ್ಲಗೆ ಕೇಳಿದಳು:

“ಅಪ್ಪ, ಕೊನೇಲಿ ಬಂದ್ರೆ ಏನ್ ಮಾಡ್ತೀಯ?”

ಅದರಲ್ಲಿ ಹಾಸ್ಯವಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಉತ್ತರ ನನ್ನ ಬಳಿ ಇರಲಿಲ್ಲ. ಏಕೆಂದರೆ ಅದೇ ಪ್ರಶ್ನೆಯನ್ನು ಎರಡು ವರ್ಷಗಳ ಹಿಂದೆ ನಾನೇ ಅವಳಿಗೆ ಕೇಳಿದ್ದೆ. ಅವಳಾಗ ಒಂಬತ್ತನೇ ತರಗತಿ. ಜಿಲ್ಲಾ ಮಟ್ಟದ 1,500 ಮೀಟರ್ ಓಟದಲ್ಲಿ ಏಳನೆಯವಳಾಗಿ ಮುಗಿಸಿ, ಕೆಂಪು ಮುಖ ಹೊತ್ತು ಸಂಭ್ರಮದಿಂದ ಮನೆಗೆ ಬಂದಿದ್ದಳು. “ಏಳನೆಯವಳಾಗೋದಕ್ಕೆ ದಿನಾ ಎರಡು ಗಂಟೆ ಓಡ್ಬೇಕಾ? ಆ ಹೊತ್ತಲ್ಲಿ ಲೆಕ್ಕ ಮಾಡಿದ್ರೆ ಹತ್ತನೇ ಕ್ಲಾಸಿಗಾದ್ರೂ ಆಗುತ್ತೆ” ಎಂದಿದ್ದೆ. ಮಗಳು ವಾದ ಮಾಡಲಿಲ್ಲ. ಶೂಗಳನ್ನು ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಅಟ್ಟದ ಮೇಲಿಟ್ಟಳು. ಒಳ್ಳೆಯ ತಂದೆಯ ಕೆಲಸ ಮಾಡಿದೆನೆಂದು ನಾನು ಅಂದು ನೆಮ್ಮದಿಯಾಗಿ ಮಲಗಿದ್ದೆ.

ಓಟ, ಸೈಕಲ್ಲು, ಮತ್ತೆ ಓಟ

ಡುಯಾಥ್ಲಾನ್ ಎಂದರೆ ಮೂರು ಹಂತದ ಪಂದ್ಯ. ಮೊದಲು ಓಟ, ನಂತರ ಸೈಕಲ್ ಸವಾರಿ, ಕೊನೆಗೆ ಇನ್ನೊಮ್ಮೆ ಓಟ. ನಡುವೆ ವಿಶ್ರಾಂತಿಯಿಲ್ಲ; ಗಡಿಯಾರ ಒಂದೇ ಸಮನೆ ಓಡುತ್ತಿರುತ್ತದೆ. ಈಜು, ಸೈಕಲ್ಲು, ಓಟ ಸೇರಿದ ಟ್ರಯಾಥ್ಲಾನ್‌ನ ತಮ್ಮ ಇದು ಎನ್ನಬಹುದು. ಟ್ರಯಾಥ್ಲಾನ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾಯಿತು; ತಮ್ಮನಿಗೆ ಆ ಭಾಗ್ಯ ಸಿಕ್ಕಿಲ್ಲ. ಅಮೆರಿಕದಲ್ಲಿ ಮೊದಮೊದಲು ಇದನ್ನು ಬಯಾಥ್ಲಾನ್ ಎಂದೇ ಕರೆಯುತ್ತಿದ್ದರು. ಆದರೆ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಿಮದ ಮೇಲೆ ಜಾರುತ್ತಾ ಬಂದೂಕಿನಿಂದ ಗುರಿಯಿಡುವ ಪಂದ್ಯಕ್ಕೂ ಅದೇ ಹೆಸರು. ಗೊಂದಲ ತಪ್ಪಿಸಲು ಇದಕ್ಕೆ ಡುಯಾಥ್ಲಾನ್ ಎಂಬ ಹೆಸರು ಬಂತು. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಅಮೆರಿಕದ ಪಾಮ್ ಸ್ಪ್ರಿಂಗ್ಸ್‌ನಲ್ಲಿ ನಡೆಯಿತು. ಸ್ವಿಟ್ಜರ್ಲೆಂಡಿನ ಜೋಫಿಂಗೆನ್ ಎಂಬ ಊರಿನಲ್ಲಿ 1989ರಲ್ಲಿ ಆರಂಭವಾದ ಪಂದ್ಯವಂತೂ ಈ ಕ್ರೀಡೆಯ ಕಾಶಿ. ಅಲ್ಲಿ 10 ಕಿ.ಮೀ. ಓಡಿ, ಗುಡ್ಡಗಳ ನಡುವೆ 150 ಕಿ.ಮೀ. ಸೈಕಲ್ ತುಳಿದು, ಮತ್ತೆ 30 ಕಿ.ಮೀ. ಓಡಿದ ಮಹನೀಯರಿದ್ದಾರೆ.

ನಮ್ಮದು ಅಷ್ಟು ಘೋರವಲ್ಲ. 10 ಕಿ.ಮೀ. ಓಟ, 40 ಕಿ.ಮೀ. ಸೈಕಲ್ಲು, 5 ಕಿ.ಮೀ. ಓಟ. ಒಟ್ಟು ನಾಲ್ಕು ಗಂಟೆಯ ಗಡುವು. ಅದರೊಳಗೊಂದು ಒಳಗಡುವು: ಸೈಕಲ್ಲು ಮುಗಿಸಿ ವಾಪಸು ಬರಲು ಮೂರು ಗಂಟೆ ಇಪ್ಪತ್ತು ನಿಮಿಷ. ತಡವಾದವರನ್ನು ಕೊನೆಯ ಓಟಕ್ಕೆ ಬಿಡುವುದಿಲ್ಲ.

ವೇಗವಾಗಿ ಓಡುವವರು ಈ ಗಡುವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನಂಥವನಿಗೆ ಅವೇ ನಿಜವಾದ ಎದುರಾಳಿಗಳು. ನಿಧಾನದವನೆಂದರೆ ಉದಾಸೀನದವನು ಎಂದು ನಾನೂ ತಿಳಿದಿದ್ದೆ. ತಯಾರಿ ಶುರುವಾದ ಮೇಲೆ ಗೊತ್ತಾಯಿತು, ಲೆಕ್ಕ ಹೆಚ್ಚು ಬೇಕಾಗುವುದು ನಿಧಾನದವನಿಗೇ. ಗೆಲ್ಲುವವನು ಐದು ನಿಮಿಷ ಹಾಳುಮಾಡಿದರೆ ಪದಕ ಹೋದೀತು. ನಾನು ಹಾಳುಮಾಡಿದರೆ ಪಂದ್ಯವೇ ಹೋಗುತ್ತದೆ.

ಆರು ತಿಂಗಳ ತಯಾರಿ ಮಾಡಿದ್ದೆ. ವೈದ್ಯರು ಸಕ್ಕರೆಯ ಪ್ರಮಾಣ ನೋಡಿ “ನಡೆಯಿರಿ” ಎಂದಾಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಶುರುವಾದ ನಡಿಗೆ ಅದು. ಕುವೆಂಪು ಅವರು ವಾಯುವಿಹಾರ ಮಾಡುತ್ತಿದ್ದ ಏರಿ. ಅವರಿಗೆ ಅಲ್ಲಿ ಕಾವ್ಯ ಹೊಳೆಯುತ್ತಿತ್ತು, ನನಗೆ ಮಂಡಿ ನೋಯುತ್ತಿತ್ತು. ನಡಿಗೆ ಓಟವಾಯಿತು, ಓಟಕ್ಕೆ ಸೈಕಲ್ಲು ಜೊತೆಯಾಯಿತು. ಭಾನುವಾರಗಳಲ್ಲಿ ಸೈಕಲ್ ತುಳಿದು ಇಳಿದ ಕೂಡಲೇ ಓಡುವ ಅಭ್ಯಾಸ. ಈ ಆಟದವರು ಅದನ್ನು ‘ಬ್ರಿಕ್’ ಎನ್ನುತ್ತಾರೆ, ಅಂದರೆ ಇಟ್ಟಿಗೆ. ಸೈಕಲ್ಲಿನಿಂದ ಇಳಿದು ಮೊದಲ ಸಲ ಓಡಿದ ದಿನ ಆ ಹೆಸರಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಕಾಲುಗಳೇ ಹೇಳಿದವು.

ಸಾವಿರ ಮೆಟ್ಟಿಲಿನ ನೆನಪು

ಆರೂಕಾಲಿಗೆ ಸೀಟಿ ಊದಿತು. ಎರಡೂವರೆ ಕಿ.ಮೀ. ಉದ್ದದ ದಾರಿಯನ್ನು ನಾಲ್ಕು ಸುತ್ತು ಹಾಕಬೇಕು. ಮೊದಲ ಐದು ನಿಮಿಷದಲ್ಲೇ ಗುಂಪು ಸೋರಿಹೋಯಿತು. ಮುಂದಿನವರ ಬೆನ್ನು ಚಿಕ್ಕದಾಗುತ್ತಾ ಮಂಜಿನಲ್ಲಿ ಕರಗಿತು. ನನ್ನ ಹಿಂದೆ ಉಳಿದದ್ದು ಒಂದು ಮೋಟಾರ್ ಸೈಕಲ್ ಮಾತ್ರ. ಕೊನೆಯ ಸ್ಪರ್ಧಿಯ ಹಿಂದೆ ಕಾವಲಾಗಿ ಬರಲು ಸಂಘಟಕರು ಕಳಿಸಿದ ವಾಹನ ಅದು. ಅದರ ಸವಾರ ಒಬ್ಬ ಕಾಲೇಜು ಹುಡುಗ. ನನ್ನ ವೇಗಕ್ಕೆ ಗಾಡಿ ಓಡಿಸಲಾರದೆ ಆಗಾಗ ಕಾಲು ಊರಿ ನಿಲ್ಲುತ್ತಿದ್ದ. “ಅಂಕಲ್, ಅವಸರ ಇಲ್ಲ” ಎಂದು ಸಮಾಧಾನ ಹೇಳಿದ. ಅವಸರ ಇದ್ದದ್ದು ನನಗೆ.

ಎರಡನೇ ಸುತ್ತಿನಲ್ಲಿ ಬೆಳಕು ಹರಿಯಿತು. ಬಿಸಿಲು ಮೊದಲು ಬೆಟ್ಟದ ನೆತ್ತಿಗೆ ಬಿತ್ತು, ಆಮೇಲೆ ಇಳಿಜಾರಿಗೆ. ಅರಮನೆಯ ಗೋಡೆ ಹಾಲಿನ ಬಣ್ಣದಿಂದ ಕೆನೆಯ ಬಣ್ಣಕ್ಕೆ ತಿರುಗಿತು. ವೈಸ್‌ರಾಯ್ ಬಂದರೆ ಉಳಿದುಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲು ಹಾಕಿಸಿದ ಕಟ್ಟಡ. ಅದರ ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟ ಮಾದರಿ. ಎಷ್ಟೋ ಸಲ ಸ್ಕೂಟರಿನಲ್ಲಿ ಇದರ ಮುಂದೆ ಹಾದುಹೋಗಿದ್ದೆ, ಹೀಗೆ ನೋಡಿರಲಿಲ್ಲ. ನಿಧಾನವಾಗಿ ಓಡುವವನಿಗೆ ಸಿಗುವ ಬಹುಮಾನಗಳಲ್ಲಿ ಇದೊಂದು: ಊರು ಪೂರ್ತಿ ಕಾಣುತ್ತದೆ.

ಬೆಟ್ಟ ನೋಡುತ್ತಾ ಓಡುವಾಗ ಅದರ ಮೆಟ್ಟಿಲುಗಳು ನೆನಪಾದವು. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ, ಸುಮಾರು ಸಾವಿರ ಮೆಟ್ಟಿಲುಗಳ ದಾರಿ. ನಡುದಾರಿಯಲ್ಲಿ ಏಕಶಿಲೆಯ ದೊಡ್ಡ ನಂದಿ. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಆಷಾಢ ಶುಕ್ರವಾರಗಳಂದು ಹತ್ತುತ್ತಿದ್ದೆ. ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ ಹೋಗುವ ಹೆಂಗಸರು. ಎರಡೆರಡು ಮೆಟ್ಟಿಲು ಹಾರಿ ಹೋಗುವ ಗರಡಿ ಮನೆಯ ಹುಡುಗರು. ಹತ್ತು ಮೆಟ್ಟಿಲಿಗೊಮ್ಮೆ ಕೂರುವ ನಮ್ಮಜ್ಜಿ. ಮೇಲೆ ಹೋದ ಮೇಲೆ ಎಲ್ಲರಿಗೂ ಒಂದೇ ತೀರ್ಥ. ಯಾರು ಮೊದಲು ಬಂದರು, ಯಾರು ಎಷ್ಟನೆಯವರು ಎಂದು ಪೂಜಾರಿ ಯಾರನ್ನೂ ಕೇಳಿದ್ದು ನಾನು ಕಾಣೆ.

ಈ ಯೋಚನೆಯಲ್ಲಿ 10 ಕಿ.ಮೀ. ಮುಗಿದಾಗ ಗಡಿಯಾರ ಒಂದು ಗಂಟೆ ಹದಿನಾಲ್ಕು ನಿಮಿಷ ತೋರಿಸುತ್ತಿತ್ತು. ಲೆಕ್ಕಕ್ಕೆ ಸರಿಯಾಗಿತ್ತು.

ವರುಣದ ದಾರಿಯಲ್ಲಿ

ಸೈಕಲ್ ಬದಲಿಸುವ ಜಾಗಕ್ಕೆ ತನ್ನದೇ ಮಡಿ ಮೈಲಿಗೆಗಳಿವೆ. ಹೆಲ್ಮೆಟ್ ಹಾಕಿ, ಗಲ್ಲದ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು. ಗೆರೆ ದಾಟುವ ತನಕ ತಳ್ಳಿಕೊಂಡೇ ಹೋಗಬೇಕು, ಹತ್ತುವಂತಿಲ್ಲ. ದಾರಿಯಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳಬಾರದು. ಹೊರಗಿನವರ ಸಹಾಯ ಪಡೆಯಬಾರದು. ಬೆನ್ನಿಗೆ ಅಂಟಿಕೊಳ್ಳುವ ತಪ್ಪನ್ನು ನಾನು ಮಾಡುವ ಸಾಧ್ಯತೆಯೇ ಇರಲಿಲ್ಲ. ಬೆನ್ನುಗಳೆಲ್ಲ ವರುಣ ದಾಟಿದ್ದವು.

ತಿ. ನರಸೀಪುರದ ರಸ್ತೆ ಹಿಡಿದು, ವರ್ತುಲ ರಸ್ತೆ ದಾಟಿ, ವರುಣ ಕೆರೆಯ ಕಡೆ ಹತ್ತು ಕಿ.ಮೀ. ಹೋಗಿ ಬರಬೇಕು. ಅಂಥ ಎರಡು ಸುತ್ತು. ದೂರದಿಂದ ಸಮತಟ್ಟಾಗಿ ಕಾಣುವ ಈ ದಾರಿ ಸೈಕಲ್ಲಿನವನಿಗೆ ಬೇರೆಯೇ. ಮೋಟಾರಿನಲ್ಲಿ ಗೊತ್ತೇ ಆಗದ ಏರುಗಳನ್ನು ತೊಡೆ ಒಂದೊಂದಾಗಿ ಎಣಿಸುತ್ತದೆ. ಕೃಷ್ಣರಾಜಸಾಗರದಿಂದ ಕಾವೇರಿಯ ನೀರು ತರುವ ವರುಣಾ ನಾಲೆ ಈ ಒಣನೆಲದ ಕೆಲವೆಡೆ ಹಸಿರು ತಂದಿದೆ. ಕೆರೆಯ ಮೇಲಿಂದ ಬರುವ ತಂಪು ಗಾಳಿ ಹೋಗುವಾಗ ಎದುರು, ಬರುವಾಗ ಬೆನ್ನಿಗೆ.

ಸವಾರಿಯ ಹೊತ್ತಿನಲ್ಲೇ ತಿನ್ನಬೇಕು. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ದೇಹ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನ ಜೋರಾಗಿ ದುಡಿದರೆ ಒಂದೂವರೆ, ಎರಡು ಗಂಟೆಯಲ್ಲಿ ಬಹಳಷ್ಟು ಖಾಲಿಯಾಗುತ್ತದೆ. ನಾಲ್ಕು ಗಂಟೆ ರಸ್ತೆಯ ಮೇಲಿರುವವನು ಇದನ್ನು ಮರೆತರೆ ಕಣ್ಣು ಕತ್ತಲಾಗುವುದು ಖಂಡಿತ. ಹೆಂಡತಿ ಕಟ್ಟಿಕೊಟ್ಟ ಕಡಲೆಕಾಯಿ ಚಿಕ್ಕಿ, ಎರಡು ಬಾಳೆಹಣ್ಣು, ಉಪ್ಪು ಸಕ್ಕರೆ ನಿಂಬೆರಸ ಬೆರೆಸಿದ ನೀರು — ಇಪ್ಪತ್ತು ನಿಮಿಷಕ್ಕೊಮ್ಮೆ ಒಂದಿಷ್ಟು.

ಮೊದಲ ಸುತ್ತು ಮುಗಿಸಿ ಮೈದಾನದ ಹತ್ತಿರ ತಿರುಗುವಾಗ ಧ್ವನಿವರ್ಧಕದಲ್ಲಿ ಗೆದ್ದವನ ಹೆಸರು ಕೂಗುತ್ತಿದ್ದರು. ಆತ ಎರಡು ಗಂಟೆ ಐದು ನಿಮಿಷಕ್ಕೆಲ್ಲ ಮುಗಿಸಿ, ಎಳನೀರು ಕುಡಿಯುತ್ತಿದ್ದ. ನನಗೆ ಇನ್ನೂ 20 ಕಿ.ಮೀ. ಸೈಕಲ್ಲು, 5 ಕಿ.ಮೀ. ಓಟ ಬಾಕಿ. ನಾಚಿಕೆಯಾಯಿತೇ ಎಂದು ಕೇಳಿದರೆ, ಆಯಿತು. ಸುಳ್ಳೇಕೆ ಹೇಳಲಿ? ಮೈದಾನದ ಕಡೆ ಹ್ಯಾಂಡಲ್ ತಿರುಗಿಸಿದರೆ ಸಾಕಿತ್ತು; ನೆರಳು, ಉಪ್ಪಿಟ್ಟು, ಕಾಫಿ ಎಲ್ಲ ಅಲ್ಲಿದ್ದವು. ನೀರಿನ ಮೇಜಿನ ಹಿಂದೆ ನಿಂತಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ವರುಣದ ಕಡೆಗೇ ತಿರುಗಿದೆ.

“ಇನ್ನೊಬ್ಬ ಎಲ್ಲವ್ನೆ?”

ಎರಡನೇ ಸುತ್ತಿನಲ್ಲಿ, ಒಂದು ಏರಿನ ನಡುವೆ ಅವಸರದಲ್ಲಿ ಗೇರು ಬದಲಿಸಿದೆ. ಕಟಕಟ ಸದ್ದು ಬಂತು, ಚೈನು ಕಳಚಿ ಚೌಕಟ್ಟಿಗೆ ಸಿಕ್ಕಿಕೊಂಡಿತು. ತಪ್ಪು ಪೂರ್ತಿ ನನ್ನದೇ. ಪೆಡಲಿನ ಮೇಲೆ ಭಾರ ಹಾಕಿಕೊಂಡು ಗೇರು ಬದಲಿಸಬಾರದೆಂದು ಸೈಕಲ್ ಅಂಗಡಿಯವರು ಹತ್ತು ಸಲ ಹೇಳಿದ್ದರು. ಇಳಿದು, ಮಂಡಿಯೂರಿ, ಮಸಿಯಾದ ಕೈಯಲ್ಲಿ ಎಳೆದಾಡುತ್ತಿದ್ದೆ. ಬೆವರು ಕಣ್ಣಿಗಿಳಿದು ಏನೂ ಕಾಣುತ್ತಿರಲಿಲ್ಲ.

ಹಿಂದೆ ಒಂದು ಸೈಕಲ್ಲು ನಿಂತಿತು. ಹಿಂದಿನ ಕ್ಯಾರಿಯರ್ ಮೇಲೆ ಆಳೆತ್ತರದ ಹಸಿಹುಲ್ಲಿನ ಹೊರೆ. ಅದರ ಮುಂದೆ ಅರವತ್ತು ದಾಟಿದ ಯಜಮಾನರು.

“ಬುಡಿ ಸಾ, ನಾ ಹಾಕ್ಕೊಡ್ತೀನಿ. ಕೈಯೆಲ್ಲ ಮಸಿಯಾಯ್ತದೆ.”

“ಬೇಡ ಯಜಮಾನ್ರೇ, ಇದು ಪಂದ್ಯ. ಬೇರೆಯವರು ಮುಟ್ಟೋ ಹಾಗಿಲ್ಲ.”

ಅವರು ರಸ್ತೆಯ ಆ ತುದಿ ನೋಡಿದರು, ಈ ತುದಿ ನೋಡಿದರು. ಮೋಟಾರ್ ಸೈಕಲ್ಲಿನ ಹುಡುಗನನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ.

“ಪಂದ್ಯವಾ? ಇನ್ನೊಬ್ಬ ಎಲ್ಲವ್ನೆ?”

“ಎಲ್ಲ ಮುಂದೆ ಹೋದ್ರು.”

“ಅಂಗಾರೆ ಮುಗೀತಲ್ಲ ಸಾ?”

“ನಂದಿನ್ನೂ ಮುಗಿದಿಲ್ಲ.”

ಅವರು ನಗಲಿಲ್ಲ. ಅಷ್ಟು ಹೊತ್ತಿಗೆ ನಾನೇ ಹೆಣಗಾಡಿ ಚೈನನ್ನು ಹಲ್ಲಿಗೆ ಕೂರಿಸಿದ್ದೆ. ಆರು ನಿಮಿಷ ಹೋಗಿತ್ತು. ಹತ್ತಿ ತುಳಿಯತೊಡಗಿದರೆ, ನೋಡುತ್ತೇನೆ, ಹುಲ್ಲಿನ ಹೊರೆಯೂ ನನ್ನ ಪಕ್ಕದಲ್ಲೇ ಬರುತ್ತಿದೆ. ಏರಿನಲ್ಲಿ ನಾನು ಅವರಿಗಿಂತ ಮುಂದೆ ಹೋಗಲಾಗಲಿಲ್ಲ.

“ಗೆದ್ರೆ ಏನ್ ಕೊಟ್ಟಾರು?”

“ನನಗೇನೂ ಇಲ್ಲ. ಟೈಮಿಗೆ ಸರಿಯಾಗಿ ಮುಗಿಸಿದ್ರೆ ಒಂದು ಪದಕ.”

“ನಾ ದಿನಾ ಈ ಹೊರೆ ಹೊತ್ಕಂಡು ಬತ್ತೀನಿ. ನಂಗ್ಯಾರೂ ಪದಕ ಕೊಟ್ಟಿಲ್ಲ ನೋಡಿ” ಎಂದು ಈ ಸಲ ನಕ್ಕರು. ಊರಿನ ದಾರಿ ಬಂದಾಗ ಬೆಲ್ ಬಾರಿಸಿ, “ಬೇಗ ಹೋದ್ರೂ ಹಸ ತಿಂತದೆ, ತಡವಾಗಿ ಹೋದ್ರೂ ತಿಂತದೆ. ಹೋಗ್ದೇ ಇದ್ರೆ ಮಾತ್ರ ಉಪವಾಸ. ತುಳೀರಿ ಸಾ” ಎಂದು ಹೇಳಿ ಮಣ್ಣುದಾರಿಗೆ ಇಳಿದರು.

ಅವರು ಹೇಳಿದಂತೆ ತುಳಿದೆ. ಕೊನೆಯ ಹತ್ತು ಕಿ.ಮೀ. ಪೂರ್ತಿ ಬೆಟ್ಟ ಕಣ್ಣೆದುರಿಗೇ ಇತ್ತು. ಎಷ್ಟು ತುಳಿದರೂ ಹತ್ತಿರ ಬಾರದೆ ಸತಾಯಿಸಿತು. ಮೈದಾನದ ಗೆರೆಯಲ್ಲಿ ಇಳಿದಾಗ ಮೂರು ಗಂಟೆ ಹದಿನಾರು ನಿಮಿಷ. ಒಳಗಡುವಿಗೆ ಉಳಿದದ್ದು ನಾಲ್ಕೇ ನಿಮಿಷ.

ಯಾರದೋ ಕಾಲುಗಳು

ಇನ್ನು ಐದು ಕಿ.ಮೀ. ಓಟ. ಹೆಲ್ಮೆಟ್ ತೆಗೆದಿಟ್ಟು ಓಡಲು ಹೆಜ್ಜೆ ಎತ್ತಿದೆ. ಹೆಜ್ಜೆ ನನ್ನದಾಗಿರಲಿಲ್ಲ. ಯಾರದೋ ಕಾಲುಗಳನ್ನು ತಂದು ಸೊಂಟಕ್ಕೆ ಜೋಡಿಸಿದಂತಿತ್ತು. ಎರಡು ಗಂಟೆ ಕಾಲ ಸೊಂಟ ಬಗ್ಗಿಸಿ, ಮೈಭಾರವನ್ನು ಸೀಟಿಗೆ ಒಪ್ಪಿಸಿ, ವೃತ್ತಾಕಾರದಲ್ಲಿ ತುಳಿದ ಕಾಲು ಒಮ್ಮೆಗೇ ನೆಟ್ಟಗೆ ನಿಂತು ಪೂರ್ತಿ ಭಾರ ಹೊತ್ತು ಓಡಬೇಕು. ತೊಡೆಯ ಮುಂಭಾಗದ ಸ್ನಾಯುಗಳು ಮೊದಲೇ ದಣಿದಿರುತ್ತವೆ. ಓಟದ ಲಯಕ್ಕೆ ನರಗಳು ಮರಳಲು ಹೊತ್ತು ಬೇಕು. ಗೆಲ್ಲುವವರಿಗೂ ಇದು ತಪ್ಪಿದ್ದಲ್ಲ. ವ್ಯತ್ಯಾಸವಿಷ್ಟೇ: ಅವರಿಗೆ ಬೆಳಗಿನ ತಂಪು, ನನಗೆ ಒಂಬತ್ತೂವರೆಯ ಬಿಸಿಲು.

ದಾರಿ ಆಗಲೇ ಖಾಲಿಯಾಗುತ್ತಿತ್ತು. ಗುರುತಿಗೆ ಇಟ್ಟಿದ್ದ ಕೆಂಪು ಕೋನ್‌ಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ದೂರದ ತಿರುವಿನ ನೀರಿನ ಮೇಜು ಮಡಚಿಯಾಗಿತ್ತು. ಆದರೆ ಒಬ್ಬ ಹುಡುಗ ಒಂದು ಲೋಟ ನೀರು ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ. “ನಿಮಗೇ ಅಂಕಲ್” ಎಂದ. ಆ ಲೋಟದ ನೀರಿನ ರುಚಿ ಈಗಲೂ ನಾಲಿಗೆಯಲ್ಲಿದೆ.

ಕೊನೆಯ ಒಂದು ಕಿ.ಮೀ. ಇರುವಾಗ ಮಗಳು ಎದುರಾದಳು. ಮೇಜಿನ ಕೆಲಸ ಮುಗಿಸಿ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಪಕ್ಕದಲ್ಲಿ ಓಡಲು ಬಂದವಳನ್ನು ಮೋಟಾರ್ ಸೈಕಲ್ಲಿನ ಹುಡುಗ ತಡೆದ. ಸ್ಪರ್ಧಿಯ ಜೊತೆ ಹೊರಗಿನವರು ಓಡುವುದೂ ನಿಯಮಕ್ಕೆ ವಿರುದ್ಧ. ಅವಳು ಗಡಿಯಾರ ನೋಡಿಕೊಂಡಳು. “ಅಪ್ಪ, ಅಲ್ಲಿ ಗೇಟು ಬಿಚ್ಚೋಕೆ ಶುರು ಮಾಡಿದ್ದಾರೆ. ಎಲ್ಲ ಮುಗೀತು ಅಂದ್ಕೊಂಡಿದ್ದಾರೆ!” ಎಂದವಳೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ರಸ್ತೆಯ ಆ ಬದಿಯ ಕಾಲುದಾರಿಯಲ್ಲಿ ಓಡತೊಡಗಿದಳು.

ಅವಳು ಓಡುವುದನ್ನು ನಾನು ನೋಡಿ ಎರಡು ವರ್ಷವಾಗಿತ್ತು. ಸರಿಯಾಗಿ ಹೇಳಬೇಕೆಂದರೆ, ಯಾವತ್ತೂ ನೋಡಿರಲಿಲ್ಲ. ಅಂದು ಫಲಿತಾಂಶದ ಹಾಳೆಯಲ್ಲಿ ಏಳು ಎಂಬ ಅಂಕಿ ನೋಡಿದ್ದೆನಷ್ಟೆ. ಈಗ ಕಂಡಿತು. ಭುಜ ಅಲುಗದೆ, ತಲೆ ನೆಟ್ಟಗೆ, ಪಾದ ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವಂತೆ, ಮರಗಳ ನೆರಳು ಬಿಸಿಲಿನ ಪಟ್ಟೆಗಳನ್ನು ದಾಟುತ್ತಾ ಹೋಗುತ್ತಿದ್ದಳು. ಇದನ್ನೇ ನಾನು ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದ್ದು.

ಆ ಹೊತ್ತಿಗೆ ಬೆಳಗಿನ ಪ್ರಶ್ನೆಗೆ ಉತ್ತರ ನನ್ನೊಳಗೆ ಇತ್ತು. ಮೊದಲು ಬಂದವನ ಪದಕ ಅವನದು. ಅದರಲ್ಲಿ ಪಾಲು ಕೇಳುವುದಿಲ್ಲ. ಅಂಥ ವೇಗಕ್ಕೆ ವರ್ಷಗಟ್ಟಲೆ ದುಡಿಮೆ ಬೇಕು. ಆದರೆ ನಾನು ಓಡಿದ ದೂರ ಅವನು ಓಡಿದ ದೂರಕ್ಕಿಂತ ಒಂದು ಗೇಣೂ ಕಡಿಮೆಯಲ್ಲ. ಆರು ತಿಂಗಳಲ್ಲಿ ಹಗುರಾದ ಮೈ, ಕತ್ತಲಲ್ಲೇ ಏಳುವ ಅಭ್ಯಾಸ, ಚೈನು ಕಳಚಿದಾಗ ಕೂತು ಸರಿಮಾಡುವ ತಾಳ್ಮೆ — ಇವನ್ನು ಯಾವ ಸ್ಥಾನದ ಪಟ್ಟಿಯೂ ಕೊಟ್ಟಿರಲಿಲ್ಲ, ಯಾವ ಪಟ್ಟಿಯೂ ಕಿತ್ತುಕೊಳ್ಳಲಾರದು. ಅಂಥವನ್ನು ಮಗಳು ಹದಿನಾಲ್ಕರ ವಯಸ್ಸಿಗೇ ಗಳಿಸಿಕೊಳ್ಳುತ್ತಿದ್ದಳು. ನಾನು ಅಂಕಿ ನೋಡಿ ನಿಲ್ಲಿಸಿದ್ದೆ.

ಗೇಟಿನ ಒಂದು ಕಂಬ ಇಳಿಸಿಯಾಗಿತ್ತು. ಇನ್ನೊಂದನ್ನು ಹಿಡಿದು ಇಬ್ಬರು ಕಾಯುತ್ತಿದ್ದರು, ಅವರ ಪಕ್ಕದಲ್ಲಿ ಏದುಸಿರು ಬಿಡುತ್ತಾ ಮಗಳು. ಮೂರು ಗಂಟೆ ಐವತ್ತೆಂಟು ನಿಮಿಷ. ಉಪ್ಪಿಟ್ಟಿನ ಪಾತ್ರೆ ತೊಳೆಯುತ್ತಿದ್ದ ಹೆಂಗಸರೂ ಚಪ್ಪಾಳೆ ತಟ್ಟಿದರು. ಪಟ್ಟಿಯಲ್ಲಿ ನನ್ನ ಹೆಸರು ಎಲ್ಲಕ್ಕಿಂತ ಕೆಳಗಿತ್ತು. ಹುಡುಕಲು ಸುಲಭ.

ಮನೆಗೆ ಹೋಗುವಾಗ, “ಅವತ್ತು ನಾನು ಹಾಗೆ ಹೇಳ್ಬಾರ್ದಿತ್ತು ಪುಟ್ಟಿ” ಎಂದೆ. ಅವಳು ಕಿಟಕಿಯ ಹೊರಗೆ ಬೆಟ್ಟ ನೋಡುತ್ತಾ, “ಹ್ಞೂಂ” ಎಂದಳು. ಅಷ್ಟೇ.

ಸಂಜೆ ನೋಯುವ ಕಾಲಿನಲ್ಲೇ ಏಣಿ ಹತ್ತಿ ಅಟ್ಟದಿಂದ ಆ ಪೊಟ್ಟಣ ಇಳಿಸಿದೆ. ಧೂಳು ಕೊಡವಿ, ಕಾಗದ ಬಿಡಿಸಿ, ಶೂಗಳನ್ನು ಅವಳ ಮುಂದಿಟ್ಟೆ. ಕಾಲು ತೂರಿಸಲು ನೋಡಿದಳು. ಬೆರಳುಗಳು ಹೋದವು, ಹಿಮ್ಮಡಿ ಹೊರಗೇ ಉಳಿಯಿತು.

“ಎರಡು ವರ್ಷ ಆಯ್ತಲ್ಲಪ್ಪ” ಎಂದಳು.

ಮಾರನೆಯ ದಿನ ದೇವರಾಜ ಅರಸು ರಸ್ತೆಗೆ ಹೋದೆವು. ಅಂಗಡಿಯವರು ಯಾವುದಕ್ಕೆ ಬೇಕೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, “ಓಡೋದಕ್ಕೆ” ಎಂದಳು. ಯಾವ ಸ್ಪರ್ಧೆಗೆ, ಎಷ್ಟನೇ ಸ್ಥಾನಕ್ಕೆ ಎಂದು ನಾನು ಕೇಳಲಿಲ್ಲ.